ತಿದ್ದಿದ್ದು ತಪ್ಪಲ್ಲ

ಬಿಗಿ ಬ್ಯಾಸ್ಕೆಟ್‌ಬಾಲ್ ಪಂದ್ಯದ ಕೊನೆಯಲ್ಲಿ ರೆಫರಿ ವಿಸಲ್ ಊದಿ, ಗಡಿಯಾರ ತಿದ್ದಿಸಲು ಟೈಮರ್ ಟೇಬಲ್ ಕಡೆ ನಡೆದರೆ ಸಾಕು, ‘ಅರ್ಧ ಸೆಕೆಂಡಿಗೆ ಆಟ ಕೆಡಿಸ್ತಾರೆ’ ಎಂದು ಗೊಣಗುವವರು ಶಿರಾದಲ್ಲೂ ಇದ್ದಾರೆ, ಬೆಂಗಳೂರಿನಲ್ಲೂ ಇದ್ದಾರೆ. ಅವರೊಂದಿಗೆ ನನ್ನದು ಹಳೆಯ ಜಗಳ.

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾದ ನಿಯಮ ಹೀಗಿದೆ: 0.3 ಸೆಕೆಂಡು ಉಳಿದಿದ್ದರೆ ಥ್ರೋ-ಇನ್ ಹಿಡಿದು ಶೂಟ್ ಮಾಡಬಹುದು, 0.2 ಆದರೆ ತಟ್ಟಬೇಕು, ಇಲ್ಲವೇ ಡಂಕ್ ಮಾಡಬೇಕು. ಆ ಒಂದು ಹತ್ತನೇ ಭಾಗಕ್ಕೆ ಕೋಚ್‌ನ ಲೆಕ್ಕಾಚಾರ ಪೂರ್ತಿ ತಲೆಕೆಳಗು. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತದ ಹುಡುಗಿಯರು ಕಜಕಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್‌ನ ಎ ವಿಭಾಗಕ್ಕೆ ಏರಿದರು. ಅಂತರ ಒಂದೇ ಬ್ಯಾಸ್ಕೆಟ್. ಅಂಥಲ್ಲಿ ಅರ್ಧ ಸೆಕೆಂಡು ಚಿಕ್ಕದೇ?

ಗೊಣಗುವವರು ಕೊನೆಗೆ 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್‌ಗೆ ಬರುತ್ತಾರೆ. ಡಗ್ ಕಾಲಿನ್ಸ್ ಎರಡೂ ಫ್ರೀ ಥ್ರೋ ಹಾಕಿದ ಮೇಲೆ ಸೋವಿಯತ್ ಒಕ್ಕೂಟದ ವಿರುದ್ಧ ಅಮೆರಿಕ 50-49 ಮುಂದಿತ್ತು, ಬಾಕಿ ಮೂರು ಸೆಕೆಂಡು. ಸೋವಿಯತ್ ಟೈಮ್‌ಔಟ್‌ನ ಗೊಂದಲದಲ್ಲಿ, ಒಂದು ಸೆಕೆಂಡು ಉಳಿದಿರುವಾಗ ಆಟ ನಿಂತಿತು. ಫಿಬಾದ ವಿಲಿಯಂ ಜೋನ್ಸ್ ಮಧ್ಯೆ ಬಂದು ಮೂರು ಬೆರಳು ತೋರಿಸಿದರು. ಗಡಿಯಾರ ಮೂರಕ್ಕೆ ಬರುವ ಮುಂಚೆಯೇ ರೆಫರಿಗಳು ಚೆಂಡು ಕೊಟ್ಟರು. ಹಾರ್ನ್ ಆಯಿತು, ಅಮೆರಿಕನ್ನರು ಗೆದ್ದೆವೆಂದು ಕುಣಿದರು. ಮತ್ತೆ ಮೂರು ಸೆಕೆಂಡು! ಈ ಸಲ ಇವಾನ್ ಎಡೆಷ್ಕೊ ಕೋರ್ಟ್‌ನ ಆ ತುದಿಗೆ ಎಸೆದ ಚೆಂಡನ್ನು ಅಲೆಕ್ಸಾಂಡರ್ ಬೆಲೋವ್ ಹಿಡಿದು ಹಾಕಿದ. 51-50. ಅಮೆರಿಕದ ದೂರನ್ನು ಮೇಲ್ಮನವಿ ಸಮಿತಿ 3-2ರಲ್ಲಿ ತಳ್ಳಿಹಾಕಿತು. ಆ ಆಟಗಾರರು ಬೆಳ್ಳಿ ಪದಕ ಮುಟ್ಟಲಿಲ್ಲ.

ಗಡಿಯಾರ ತಿದ್ದಿದ್ದು ತಪ್ಪಲ್ಲ. ಪಂದ್ಯದ ನಡುವೆ ತೀರ್ಪು ಕೊಡುವ ಅಧಿಕಾರ ಇಲ್ಲದವರು ತಿದ್ದಿಸಿದ್ದು ತಪ್ಪು. ತಿದ್ದಿ ಮುಗಿಯುವ ಮೊದಲೇ ಆಟ ಬಿಟ್ಟಿದ್ದು ಇನ್ನೂ ದೊಡ್ಡ ತಪ್ಪು.

ತಿದ್ದದೆ ಬಿಟ್ಟರೇನಾಗುತ್ತದೆ ಎಂಬುದಕ್ಕೆ ಮ್ಯೂನಿಕ್‌ಗಿಂತ ಒಳ್ಳೆಯ ಕಥೆ ನಮ್ಮ ಭಾಸ್ಕರಾಚಾರ್ಯರ ಮನೆಯದು. ಅವರ ಗಣಿತ ಗ್ರಂಥ ‘ಲೀಲಾವತಿ’ಯನ್ನು 1587ರಲ್ಲಿ ಪಾರಸಿಗೆ ತಂದ, ಅಕ್ಬರನ ಆಸ್ಥಾನದ ಕವಿ ಫೈಜಿ ಹೇಳಿದ್ದು. ಮಗಳ ಮದುವೆಯ ಮುಹೂರ್ತ ತಿಳಿಯಲೆಂದು, ತಳದಲ್ಲಿ ತೂತಿರುವ ಗಳಿಗೆ ಬಟ್ಟಲನ್ನು ನೀರಿನಲ್ಲಿ ಬಿಟ್ಟಿದ್ದರು; ಅದು ಮುಳುಗಿದಾಗ ಮುಹೂರ್ತ. ಹುಡುಗಿ ಬಗ್ಗಿ ನೋಡುವಾಗ ಒಡವೆಯ ಮುತ್ತೊಂದು ಬಿದ್ದು ತಳದ ತೂತು ಮುಚ್ಚಿತು. ಬಟ್ಟಲು ಮುಳುಗಲೇ ಇಲ್ಲ, ಮುಹೂರ್ತ ಮೀರಿತು. ಕೇಳಿದವರೆಲ್ಲ ಹಣೆಬರಹ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಬಟ್ಟಲು ಇಟ್ಟಿದ್ದರೆ ಮದುವೆ ನಡೆಯುತ್ತಿತ್ತು.

ಶಿರಾ, ಮಧುಗಿರಿ, ಪಾವಗಡದ ಟೂರ್ನಿಗಳಿಗೆ ಎನ್‌ಬಿಎ ಥರದ ವಿಡಿಯೊ ಪರಿಶೀಲನೆ ತರುವುದು ಕಷ್ಟ. ಎರಡನೇ ಸ್ಟಾಪ್‌ವಾಚ್ ತರುವುದು ಕಷ್ಟವಲ್ಲ. ಕೊನೆಯ ಎರಡು ನಿಮಿಷ ಟೈಮರ್ ಪಕ್ಕ ಇನ್ನೊಬ್ಬರು ಅದನ್ನು ಹಿಡಿದು ಕೂರಲಿ. ವಿಸಲ್ ಆದಾಗ ಎಷ್ಟಿತ್ತೆಂದು ಬರೆದಿಡಲಿ. ರೆಫರಿ ಎರಡನ್ನೂ ನೋಡಿ, ಎರಡೂ ಕಡೆಯ ಕ್ಯಾಪ್ಟನ್‌ಗಳಿಗೆ ಹೇಳಿ, ಸರಿಯಾದ ಸಮಯ ಬೋರ್ಡಿನಲ್ಲಿ ಮೂಡಿದ ಮೇಲೆ ಚೆಂಡು ಕೊಡಲಿ.