ಕುರ್ಟ್ ಟ್ಯಾಂಕ್: ಗುರುವೆಂಬ ಬಿರುದು, ಮರದ ಗ್ಲೈಡರು

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಶಾಲೆಗಳಲ್ಲಿ ವಿಜ್ಞಾನ ದಿನದ ಭಾಷಣವೆಂದರೆ ಕಲಾಂ ಹೆಸರು ಬರಲೇಬೇಕು; ಬೆನ್ನಿಗೇ ಅವರ ಜರ್ಮನ್ ಗುರು ಕುರ್ಟ್ ಟ್ಯಾಂಕ್ ಹೆಸರೂ. ಫೋಕೆ-ವುಲ್ಫ್ 190 ಯುದ್ಧವಿಮಾನ ರೂಪಿಸಿದ ಎಂಜಿನಿಯರು ಮದ್ರಾಸಿನ ಎಂಐಟಿಗೆ ಮೇಷ್ಟರಾಗಿ ಬಂದು, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮಾರುತ ಯುದ್ಧವಿಮಾನ ಕಟ್ಟಿಸಿ, ನಮಗೆ ವಿಮಾನ ವಿನ್ಯಾಸ ಕಲಿಸಿದರಂತೆ. ಈ ಕೊನೆಯ ಮಾತನ್ನು ನಾನು ಒಪ್ಪಲಾರೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ 1942ರಲ್ಲೇ ಶುರುವಾಗಿತ್ತು. ವಿ.ಎಂ. ಘಾಟಗೆಯವರ ತಂಡದ ಎಚ್‌ಟಿ-2 ತರಬೇತಿ ವಿಮಾನ ಹಾರಿದ್ದು 1951ರಲ್ಲಿ. ಟ್ಯಾಂಕ್ ಇನ್ನೂ ಅರ್ಜೆಂಟೀನಾದಲ್ಲಿದ್ದರು.

ಅವರು ನಿಜವಾಗಿ ಕಲಿಸಿದ ಪಾಠ ಒಂದು ಮರದ ಗ್ಲೈಡರಿನಲ್ಲಿದೆ. ಹೊಗಳುವವರೂ ತೆಗಳುವವರೂ ಅದರ ಸುದ್ದಿ ಎತ್ತುವುದಿಲ್ಲ. ಜೆಟ್ ಹಾರುವ ಮೊದಲೇ, 1959ರಲ್ಲಿ, ಮಾರುತದಷ್ಟೇ ಅಳತೆಯ ಎಂಜಿನ್ ಇಲ್ಲದ ಪ್ರತಿಯೊಂದನ್ನು ಮರದಲ್ಲಿ ಕಟ್ಟಿಸಿದರು. ಡಕೋಟಾ ವಿಮಾನ ಅದನ್ನು ಎಳೆದುಕೊಂಡು ಮೇಲೇರಿ ಬಿಟ್ಟುಬಿಡುತ್ತಿತ್ತು. ಇಳಿಸಿಕೊಂಡು ಬರುವುದು ಪೈಲಟ್ ಪಾಲಿನ ಕೆಲಸ. ಹಿಂದಕ್ಕೆ ಬಾಗಿದ ರೆಕ್ಕೆ ವೇಗ ತಗ್ಗಿದಾಗ ಎಲ್ಲಿ ಹಿಡಿತ ಬಿಡುತ್ತದೆ? ಫ್ಲ್ಯಾಪ್ ಇಳಿಸಿದರೆ ಮೂತಿ ಏಳುತ್ತದೋ, ಬಾಗುತ್ತದೋ? ಡ್ರಾಯಿಂಗ್ ಬೋರ್ಡಿನಲ್ಲಿ ಗೆರೆ ಎಳೆದವರು ಆ ಗೆರೆ ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆಂದು ಕಣ್ಣಾರೆ ಕಂಡರು. ಕಡಿಮೆ ದುಡ್ಡಿನಲ್ಲಿ ದೊಡ್ಡ ಕಲಿಕೆ. ಆದರೆ ಶಬ್ದವೇಗದ ಆಚೆ ಏನಾಗುತ್ತದೆಂದು ಗ್ಲೈಡರು ಹೇಳಲಾರದು. ಅದನ್ನು ಹೇಳಬಲ್ಲ ದೊಡ್ಡ ವಿಂಡ್ ಟನೆಲ್ ಬೆಂಗಳೂರಿನ ಎನ್‌ಎಎಲ್‌ನಲ್ಲಿ ಕೆಲಸ ಶುರುಮಾಡಿದ್ದು 1967ರಲ್ಲಿ, ಟ್ಯಾಂಕ್ ದೇಶ ಬಿಟ್ಟ ವರ್ಷ.

ಮಾರುತ ಸೊರಗಿದ್ದಕ್ಕೆ ದೆಹಲಿಯೊಂದೇ ಹೊಣೆ ಎನ್ನುವ ವಿಮರ್ಶಕರ ಜೊತೆಗೂ ನನಗೆ ತಕರಾರಿದೆ. ನೆಚ್ಚಿಕೊಂಡಿದ್ದ ಆಫ್ಟರ್‌ಬರ್ನರ್ ಸಹಿತದ ಓರ್ಫಿಯಸ್ 12 ಎಂಜಿನ್ ಬ್ರಿಟನ್ನಿನಲ್ಲಿ ಇನ್ನೂ ತಯಾರಾಗುತ್ತಿತ್ತು. ಅದರ ಖರ್ಚು ಹೊರಲು ನಮ್ಮ ಸರ್ಕಾರ ಒಪ್ಪಲಿಲ್ಲ. ಸಾಧಾರಣ ಓರ್ಫಿಯಸ್ 703 ಎರಡನ್ನು ಕೂರಿಸಬೇಕಾಯಿತು. ಶಬ್ದದ ಎರಡು ಪಟ್ಟು ವೇಗಕ್ಕೆಂದು ರೂಪಿಸಿದ ವಿಮಾನ ಶಬ್ದವೇಗ ಮುಟ್ಟಲೇ ಏದುಸಿರು ಬಿಟ್ಟಿತು. ಎಲ್ಲ ನಿಜ. ಆದರೆ ಫೋಕೆ-ವುಲ್ಫ್ 190ರ ಮೊದಲ ಎಂಜಿನ್ ಕೈಕೊಟ್ಟಾಗ ಬೇರೆಯದನ್ನು ಹಾಕಿ, ಕಾಕ್‌ಪಿಟ್ಟನ್ನೇ ಹಿಂದಕ್ಕೆ ಸರಿಸಿದವರು ಇದೇ ಟ್ಯಾಂಕ್. ಅಷ್ಟು ಪಳಗಿದವರು ಕೈಗೆ ಬಾರದ ಎಂಜಿನ್ ನಂಬಿ ಬಡದೇಶದ ಮೊದಲ ಜೆಟ್ ಫೈಟರಿಗೆ ಲೆಕ್ಕ ಹಾಕಿದ್ದು ಅವರದೇ ತಪ್ಪು.

ವಿಮಾನದ ಮೈಕಟ್ಟು ಗಟ್ಟಿಮುಟ್ಟು, ಅದನ್ನು ಅಲ್ಲಗಳೆಯುವುದಿಲ್ಲ. 1971ರ ಯುದ್ಧದಲ್ಲಿ ಒಂದು ಎಂಜಿನ್ ಏಟು ತಿಂದರೂ ಇನ್ನೊಂದರ ಬಲದಲ್ಲಿ ಮಾರುತಗಳು ನೆಲೆಗೆ ಮರಳಿದವು. ವಿನ್ಯಾಸಕಾರನಿಗೆ ಆ ಗೌರವ ಸಲ್ಲಲಿ. ಗುರುವಿನ ಬಿರುದನ್ನು ಅಳೆಯಬೇಕಾದದ್ದು ಶಿಷ್ಯರು ಮುಂದೆ ಕಟ್ಟಿದ್ದರಿಂದ. ಮಾರುತ ಮೊದಲು ಹಾರಿದ್ದು 1961ರಲ್ಲಿ. ನಮ್ಮದೇ ವಿನ್ಯಾಸದ ಮುಂದಿನ ಫೈಟರ್ ತೇಜಸ್ ಹಾರಿದ್ದು 2001ರಲ್ಲಿ.