ಮೋರರ ಮನೆ ಕಟ್ಟಿದವರು ಯಾರು?

ಬೋನಾಳಕ್ಕೆ ಹಕ್ಕಿ ನೋಡಲು ಬರುವವರಿಗೆ ಕೆರೆ ಕಟ್ಟಿಸಿದ್ದು ಸುರಪುರದ ಅರಸರು ಅಂತ ಯಾರಾದರೂ ಹೇಳುತ್ತಾರೆ. ಕಟ್ಟಿಸಿದವರಿಗೆ ಹೆಸರಿದೆ, ಮಣ್ಣು ಹೊತ್ತವರಿಗಿಲ್ಲ. ಇದು ನಮಗೆ ಹೊಸದಲ್ಲ. ಆದರೆ ಅದೇ ಸೀಮೆಯ ರಾಜನಕೋಳೂರಿನಲ್ಲಿ ಕಟ್ಟಿಸಿದವರ ಹೆಸರೂ ಉಳಿಯದ ಕಲ್ಲುಗಳಿವೆ, ಎರಡು ಸಾವಿರ ವರ್ಷಕ್ಕೂ ಹಿಂದಿನವು. ಹೆಸರು ಖಾಲಿ ಇದ್ದ ಕಡೆ ಯಾರು ಯಾರನ್ನು ತಂದು ಕೂರಿಸಿದ್ದಾರೆ ಅನ್ನುವುದೇ ನಮ್ಮ ಪ್ರಶ್ನೆ.

ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೇರಿದ ಕಲ್ಮನೆಗಳು ಇವು. ಕೆಲವಕ್ಕೆ ಒಂದು ಬದಿ ತೆರಪು, ಕೆಲವು ನಾಲ್ಕೂ ಕಡೆ ಮುಚ್ಚಿ ಒಂದು ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಗುಡಿ ಅಂದುಕೊಂಡು ಹೋದವರಿಗೆ ಅಲ್ಲಿ ದೇವರು ಸಿಗುವುದಿಲ್ಲ. ಮುಚ್ಚಿದವುಗಳಲ್ಲಿ ಸಿಕ್ಕದ್ದು ಬೂದಿ, ಮೂಳೆ, ಮಡಕೆ ಚೂರು. ಇದು ಸತ್ತವರ ಜಾಗ.

ಊರಿನವರು ಇವಕ್ಕೆ ಮೋರರ ಮನೆ ಅಂದರು. ಮೋರರು ಅಂದ್ರೆ ಮೂರು ಗೇಣಿನ ಕುಳ್ಳರು. ಮಾಲ್ಟಾ ದೇಶದ ಗೋಜೋ ದ್ವೀಪದಲ್ಲಿ ಐದು ಸಾವಿರ ವರ್ಷಕ್ಕೂ ಹಳೆಯ ಕಲ್ಲುಗುಡಿಗಳಿವೆ, ಅವನ್ನು ದೈತ್ಯ ಹೆಂಗಸೊಬ್ಬಳು ಕಟ್ಟಿದಳು ಅಂತ ಅಲ್ಲಿನ ಕತೆ. ಅಲ್ಲಿ ದೈತ್ಯರು, ಇಲ್ಲಿ ಕುಳ್ಳರು. ಐದೂವರೆ ಅಡಿಯ, ಬೆವರು ಸುರಿಸುವ ಮನುಷ್ಯ ಮಾತ್ರ ಎರಡೂ ಕಡೆ ನಾಪತ್ತೆ!

ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ 19ನೇ ಶತಮಾನದ ನಡುವೆ ಈ ಕಲ್ಲುಗಳನ್ನು ಅಳೆದ, ಚಿತ್ರ ಬರೆದ. ಅಷ್ಟು ಶ್ರದ್ಧೆ ನಮ್ಮವರು ಯಾರೂ ಆಗ ತೋರಲಿಲ್ಲ, ಒಪ್ಪೋಣ. ಆದರೆ ಅವನ ಬರಹದ ತಲೆಬರಹದಲ್ಲೇ ಕೆಲ್ಟರು, ಡ್ರುಯಿಡರು, ಸಿಥಿಯನ್ನರು ಬಂದು ಕೂತಿದ್ದಾರೆ. ಇಲ್ಲಿನ ಕಲ್ಲು ಎತ್ತಲು ಯುರೋಪಿನ ಪುರೋಹಿತ ಬೇಕಾಯಿತೇ? ಜೇವರ್ಗಿಯ ಕಲ್ಲುಗುಪ್ಪೆಗಳನ್ನು ಅಗೆಸಿದಾಗ ತಲೆ ಬೇರೆ, ಮುಂಡ ಬೇರೆಯಾದ ಅಸ್ಥಿಪಂಜರಗಳು ಸಿಕ್ಕವು. ಟೇಲರ್ ಅದನ್ನು ನರಬಲಿ ಅಂತ ಓದಿದ. ದೊಡ್ಡವನ ಜೊತೆಗೆ ಆಳುಗಳನ್ನು ಕಡಿದು ಹೂಳಿದ್ದರೇ, ಅಥವಾ ಕೊಳೆತ ಮೇಲೆ ಮೂಳೆ ಆಯ್ದು ತಂದು ಇಟ್ಟರೇ? ಎರಡನೆಯದೂ ಆ ಕಾಲದ ಪದ್ಧತಿಯೇ. ಮೊದಲನೆಯದು ನಮ್ಮ ಸಿಟ್ಟಿಗೆ ಅನುಕೂಲ ಅಂತ ಅದನ್ನೇ ಹಿಡಿದುಕೊಳ್ಳುವುದು ವಿಮರ್ಶೆಯಲ್ಲ.

ಓದುವ ಬೇರೆ ದಾರಿ ಇದೇ ತಾಲೂಕಿನಲ್ಲಿ ಸಿಕ್ಕಿದೆ. ಬಳ್ಳಾರಿ ಕಡೆಯ ಕುಡತಿನಿಯ ಬೂದಿದಿಬ್ಬವನ್ನು ರಾಕ್ಷಸನನ್ನು ಸುಟ್ಟ ಬೂದಿ ಅನ್ನುತ್ತಿದ್ದರು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಮತ್ತು ಸಂಗಡಿಗರು 1990ರ ದಶಕದಲ್ಲಿ ಅಗೆದಾಗ ಕಂಡದ್ದು ಸುಟ್ಟ ಸೆಗಣಿ, ದನದ ದೊಡ್ಡಿ, ಕಲ್ಲಿನ ಅಲಗು ಮಾಡುವ ಜಾಗ, ಮತ್ತು ದನ ಕೊಯ್ದ ನೆಲ. ರಾಜನಕೋಳೂರಿನ ಕಲ್ಮನೆಗಳಿಗಿಂತಲೂ ಹಿಂದಿನ ಕಾಲ ಅದು. ರಾಕ್ಷಸ ಹೋದ, ದನಗಾಹಿ ಬಂದ! ದನದ ಮಾಂಸ ಉಂಡದ್ದಕ್ಕೆ ಊರ ಹೊರಗೆ ನಿಲ್ಲಿಸುವ ನಾಡಿನಲ್ಲಿ ಈ ಕೊಯ್ದ ನೆಲದ ಪಾಠವನ್ನು ಶಾಪುರ, ಸುರಪುರದ ಮಕ್ಕಳಿಗೆ ಮಾಸ್ತರು ಧೈರ್ಯವಾಗಿ ಹೇಳಬೇಕು.

ನಮ್ಮ ಗೆಳೆಯರಿಗೂ ಒಂದು ಮಾತಿದೆ. ಹಂಗಾದ್ರೆ ಇದೆಲ್ಲ ನಮ್ಮ ಕುಲದ್ದು ಅಂತ ಹಕ್ಕು ಹೂಡುವ ಹುಮ್ಮಸ್ಸು ಕೆಲವರಲ್ಲಿದೆ. ಅಷ್ಟು ಹಳೆಯ ಮೂಳೆಗೆ ಇಂದಿನ ಜಾತಿ ಪ್ರಮಾಣಪತ್ರ ಅಂಟಿಸಿದರೆ ಪುರೋಹಿತರು ಮಾಡಿದ್ದನ್ನೇ ನಾವೂ ಮಾಡಿದಂತೆ. ಕೇಳಬೇಕಾದ್ದು ಬೇರೆ. ಬಂಡೆಯಿಂದ ಚಪ್ಪಡಿ ಎಬ್ಬಿಸಿ, ಎಳೆದು ತಂದು, ಎತ್ತಿ ಹೇರುವುದಕ್ಕೆ ಎಷ್ಟು ಜನ, ಎಷ್ಟು ದಿನ? ಅಷ್ಟು ದಿನ ಅವರಿಗೆ ಅನ್ನ ಬೇಯಿಸಿದವರು ಯಾರು? ಹೇರಿದವರಿಗೆ ಅದರಡಿ ಜಾಗ ಸಿಕ್ಕಿತೇ, ಬಯಲೇ ಗತಿಯಾಯಿತೇ?

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ನಾಳೆ ನಮ್ಮ ಸೀಮೆಯ ಕಲ್ಲುಗಳಿಗೂ ಅಂಥ ಹೆಸರು ಬಂದು ಸುತ್ತ ಬೇಲಿ ಬಿದ್ದರೆ, ಕುರಿ ಮೇಯಿಸುವವರು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಬೇಲಿ ಹಾಕುವ ಮೊದಲೇ ಕೇಳಬೇಕು.