ಕೌಂಟರಿನ ಆಚೆಗೂ ವಿಂಡೋಸ್ 11

2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11ರ ಬಗ್ಗೆ ಬಳಕೆದಾರರು ಇಷ್ಟು ವರ್ಷಗಳಾದರೂ ಒಂದು ಮಾತಿಗೆ ಬಂದಿಲ್ಲ. ಕೆಲವರಿಗೆ ಅದು ಅಚ್ಚುಕಟ್ಟಾದ, ಕಣ್ಣಿಗೆ ಹಿತವಾದ ವ್ಯವಸ್ಥೆ. ಕೆಲವರಿಗೆ ಸುಮ್ಮನೆ ನಡೆಯುತ್ತಿದ್ದುದನ್ನು ಕೆಡಿಸಿದ ಉಪದ್ವ್ಯಾಪ. ಈ ಒಡಕಿಗೆ ಸಾಮಾನ್ಯವಾಗಿ ಸಿಗುವ ವಿವರಣೆ ಒಂದೇ: ಹಳಬರಿಗೆ ಬದಲಾವಣೆ ಬೇಡ, ಹೊಸಬರಿಗೆ ಬೇಕು. ಕಾರವಾರ, ಅಂಕೋಲಾದಂಥ ಊರುಗಳಲ್ಲಿ ಕಂಪ್ಯೂಟರ್ ಯಾವ ಕೆಲಸಕ್ಕೆ ಬರುತ್ತದೆ ಎಂಬುದನ್ನು ಮುಂದಿಟ್ಟುಕೊಂಡರೆ ಈ ವಿವರಣೆ ನಿಲ್ಲುವುದಿಲ್ಲ. ಇಲ್ಲಿ ಬಹಳ ಜನರ ಪಾಲಿಗೆ ಕಂಪ್ಯೂಟರ್ ಎಂದರೆ ಕೌಂಟರಿನ ಆಚೆ ಬದಿಗಿರುವ ವಸ್ತು. ಅಚವೆಯಿಂದಲೋ ಹಿಲ್ಲೂರಿನಿಂದಲೋ ಬಸ್ಸು ಹಿಡಿದು ಅಂಕೋಲಾಕ್ಕೆ ಬಂದವರು ಪಹಣಿಗೆ, ಜಾತಿ-ಆದಾಯ ಪ್ರಮಾಣಪತ್ರಕ್ಕೆ, ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ನಿಲ್ಲುವುದು ಅದರ ಎದುರು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದಂದಿನಿಂದ ಅವರೂ ಈ ಯಂತ್ರದ ಬಳಕೆದಾರರೇ, ಮೌಸ್ ಮುಟ್ಟದಿದ್ದರೂ. ಅವರನ್ನೂ ಲೆಕ್ಕಕ್ಕೆ ಹಿಡಿದರೆ ವಿಂಡೋಸ್ 11ರ ಬಗೆಗಿನ ಮೆಚ್ಚುಗೆ-ಸಿಟ್ಟುಗಳು ವಯಸ್ಸಿನ ಮೇಲೂ ರುಚಿಯ ಮೇಲೂ ನಿಂತಿಲ್ಲವೆಂದು ಕಾಣುತ್ತದೆ. ಬದಲಾವಣೆಯ ಲಾಭ ಒಬ್ಬರದು, ಖರ್ಚು ಇನ್ನೊಬ್ಬರದು; ಒಡಕು ಹುಟ್ಟಿದ್ದು ಅಲ್ಲಿ. ವಿಂಡೋಸ್ 11 ಕೆಟ್ಟ ತಂತ್ರಾಂಶವಲ್ಲ. ಅದರ ಒಳಗಟ್ಟು ಹಿಂದಿನದಕ್ಕಿಂತ ಗಟ್ಟಿಯಾಗಿದೆ. ಆಕ್ಷೇಪಿಸಬೇಕಾದದ್ದು ಅದರ ಜತೆಗೆ ಬಂದ ಷರತ್ತುಗಳನ್ನು.

ಹೊರಮೈಯ ವಿಷಯವನ್ನು ಬೇಗ ಮುಗಿಸಬಹುದು. ಸ್ಟಾರ್ಟ್ ಬಟನ್ ನಡುವಿಗೆ ಬಂದದ್ದು, ಮೂಲೆಗಳು ದುಂಡಗಾದದ್ದು ರುಚಿಗೆ ಬಿಟ್ಟದ್ದು. ಬೇಡವಾದವರು ಬಟನ್ನನ್ನು ಮತ್ತೆ ಎಡಕ್ಕೆ ಸರಿಸಿಕೊಳ್ಳಬಹುದು. ಆದರೆ ತೆರೆದ ಕಡತಗಳ ಹೆಸರು ಟಾಸ್ಕ್‌ಬಾರಿನಲ್ಲಿ ಬಿಡಿಬಿಡಿಯಾಗಿ ಕಾಣುವ ಅನುಕೂಲವನ್ನು, ಕಡತವನ್ನು ಎಳೆದು ಟಾಸ್ಕ್‌ಬಾರಿನ ಮೂಲಕ ಇನ್ನೊಂದು ತಂತ್ರಾಂಶಕ್ಕೆ ಬಿಡುವ ಅನುಕೂಲವನ್ನು ಬಿಡುಗಡೆಯ ಹೊತ್ತಿಗೆ ಕಿತ್ತುಹಾಕಿದ್ದು ಹಾಗಲ್ಲ. ಒಂದೇ ಹೊತ್ತಿಗೆ ಏಳೆಂಟು ಗಿರಾಕಿಗಳ ಪಿಡಿಎಫ್ ತೆರೆದಿಟ್ಟುಕೊಳ್ಳುವ ಜೆರಾಕ್ಸ್ ಅಂಗಡಿಯಲ್ಲಿ ಎಲ್ಲವೂ ಒಂದೇ ಐಕಾನಿನ ಕೆಳಗೆ ಅಡಗಿ ಕೂತರೆ ಒಬ್ಬರ ಆಧಾರ್ ಪ್ರತಿ ಇನ್ನೊಬ್ಬರ ಅರ್ಜಿಗೆ ಅಂಟಿಕೊಳ್ಳಲು ಎಷ್ಟು ಹೊತ್ತು ಬೇಕು? ಎಳೆದು ಬಿಡುವ ಅನುಕೂಲ 2022ರಲ್ಲಿ, ಹೆಸರುಗಳು 2023ರಲ್ಲಿ ಮರಳಿದವು. ದೂರಿದವರೆಲ್ಲ ಹಳೆಯದಕ್ಕೆ ಜೋತುಬಿದ್ದವರೇ ಆಗಿದ್ದರೆ ಮೈಕ್ರೋಸಾಫ್ಟ್ ಹೀಗೆ ಹಿಂದೆ ಸರಿಯುತ್ತಿರಲಿಲ್ಲ. ಹಾಗೆಂದು ಮೆಚ್ಚಿದವರೂ ಹುಸಿ ಹೇಳಿಲ್ಲ. ಪರದೆಯ ಅರ್ಧಕ್ಕೆ ಸರ್ಕಾರಿ ಪೋರ್ಟಲ್, ಇನ್ನರ್ಧಕ್ಕೆ ಅರ್ಜಿದಾರರ ದಾಖಲೆ ಎಂದು ಒಂದೇ ಕ್ಲಿಕ್ಕಿಗೆ ಜೋಡಿಸಿಕೊಡುವ ಸ್ನ್ಯಾಪ್ ಲೇಔಟ್ ದಿನವಿಡೀ ಅರ್ಜಿ ತುಂಬುವವರಿಗೆ ನಿಜವಾದ ಉಪಕಾರ.

‘ಪ್ರತಿ ಸಲವೂ ಜನ ಬೈಯುತ್ತಾರೆ, ಆಮೇಲೆ ಒಗ್ಗಿಕೊಳ್ಳುತ್ತಾರೆ’ ಎಂಬುದು ಕಂಪನಿಯ ಪರವಾಗಿ ಬರುವ ಮೊದಲ ವಾದ. ಇದಕ್ಕೆ ಇತಿಹಾಸದ ಬೆಂಬಲವೂ ಉಂಟು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರ ನೀಲಿ-ಹಸಿರು ಬಣ್ಣವನ್ನು ಮಕ್ಕಳ ಆಟಿಕೆಯೆಂದು ಗೇಲಿ ಮಾಡಿದವರಿದ್ದರು. 2014ರಲ್ಲಿ ಅದರ ಬೆಂಬಲ ನಿಂತಾಗ ಬಿಡಲಾರದೆ ಕೂತವರ ಸಂಖ್ಯೆ ದೊಡ್ಡದಿತ್ತು. 2007ರ ವಿಸ್ಟಾದ ಕತೆ ಇನ್ನೂ ಸ್ವಾರಸ್ಯದ್ದು. ಅದಕ್ಕೆ ಬಂದ ಕೆಟ್ಟ ಹೆಸರು ಬರೀ ಪೂರ್ವಗ್ರಹವೆಂದು ತೋರಿಸಲು ಮೈಕ್ರೋಸಾಫ್ಟ್ 2008ರಲ್ಲಿ ‘ಮೊಜಾವೆ’ ಎಂಬ ಪ್ರಯೋಗ ನಡೆಸಿತು: ವಿಸ್ಟಾ ಬೇಡವೆನ್ನುವವರನ್ನು ಕರೆಸಿ, ಅದನ್ನೇ ಮೊಜಾವೆ ಎಂಬ ಮುಂದಿನ ಆವೃತ್ತಿಯೆಂದು ಹೇಳಿ ತೋರಿಸಿತು. ಜನ ಮೆಚ್ಚಿದರು. ಹೆಸರು ಮರೆಸಿದರೆ ತಕರಾರು ಮಾಯ ಎಂದು ಜಾಹೀರಾತು ಹೊರಟಿತು. ಆದರೆ ಆ ಪ್ರಯೋಗದಲ್ಲಿ ಯಂತ್ರ ಕಂಪನಿಯದು, ಮೊದಲೇ ಎಲ್ಲ ಹೊಂದಿಸಿಟ್ಟದ್ದು. ನೋಡಲು ಬಂದವರು ತಮ್ಮ ಹಳೆಯ ಪ್ರಿಂಟರನ್ನು ಅದಕ್ಕೆ ಜೋಡಿಸಬೇಕಿರಲಿಲ್ಲ, ತಮ್ಮ ಕಡಿಮೆ ಮೆಮೊರಿಯ ಕಂಪ್ಯೂಟರಿಗೆ ಅದನ್ನು ಹಾಕಬೇಕಿರಲಿಲ್ಲ. ವಿಸ್ಟಾ ಸೋತದ್ದು ಸರಿಯಾಗಿ ಅಲ್ಲೇ, ಡ್ರೈವರುಗಳಲ್ಲಿ ಮತ್ತು ಯಂತ್ರದ ತಾಕತ್ತಿನಲ್ಲಿ. ಅದೇ ಅಡಿಪಾಯದ ಮೇಲೆ 2009ರಲ್ಲಿ ಬಂದ ವಿಂಡೋಸ್ 7 ಗೆದ್ದದ್ದಕ್ಕೆ ದೊಡ್ಡ ಕಾರಣ ಆ ಹೊತ್ತಿಗೆ ಯಂತ್ರಗಳೂ ಡ್ರೈವರುಗಳೂ ಅದರ ಮಟ್ಟಕ್ಕೆ ಬಂದಿದ್ದುದು. ಬಣ್ಣಕ್ಕೆ, ಬಟನ್ನಿನ ಜಾಗಕ್ಕೆ ಕಣ್ಣು ಒಗ್ಗುತ್ತದೆ. ‘ಈ ಕಂಪ್ಯೂಟರ್ ವಿಂಡೋಸ್ 11ಕ್ಕೆ ಅರ್ಹವಲ್ಲ’ ಎಂಬ ಸಂದೇಶಕ್ಕೆ ಒಗ್ಗಿಕೊಳ್ಳುವುದು ಹೇಗೆ?

ಅರ್ಹತೆಯ ಆ ಗೆರೆಯನ್ನು ಎಳೆದ ರೀತಿ ನೋಡಿ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಸೆಕ್ಯೂರ್ ಬೂಟ್ ಬೇಕು, ಇಂಟೆಲ್ ಆದರೆ ಸರಿಸುಮಾರು ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಎಂಟನೇ ತಲೆಮಾರು ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಎಂದರೆ ಆ ವರ್ಷದ ಆರಂಭದಲ್ಲಿ ಹೊಸದಾಗಿ ಕೊಂಡ ಕಂಪ್ಯೂಟರ್ ನಾಲ್ಕೇ ವರ್ಷಕ್ಕೆ ಅನರ್ಹ. ಸಣ್ಣ ಊರಿನ ಅಂಗಡಿ, ಟ್ಯುಟೋರಿಯಲ್, ಸಹಕಾರಿ ಸಂಘ, ವಕೀಲರ ಕಚೇರಿಗಳು ಕೊಳ್ಳುವುದೋ ಹೆಚ್ಚಾಗಿ ದೊಡ್ಡ ನಗರಗಳ ಕಂಪನಿಗಳು ಬಳಸಿ ಬಿಟ್ಟ ಮರುಮಾರಾಟದ ಯಂತ್ರಗಳನ್ನು. ಆ ಪೇಟೆಯಲ್ಲಿ ನಾಲ್ಕನೇ, ಆರನೇ ತಲೆಮಾರಿನ ಡೆಸ್ಕ್‌ಟಾಪುಗಳದೇ ದರ್ಬಾರು. ಅವು ಕೆಲಸ ಮಾಡದ ಯಂತ್ರಗಳಲ್ಲ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಅರ್ಜಿ ತುಂಬಲು, ಬಿಲ್ ಮಾಡಲು, ಲಗ್ನಪತ್ರಿಕೆ ಜೋಡಿಸಲು ಧಾರಾಳ ಸಾಕು. ಕಡಲ ಉಪ್ಪುಗಾಳಿ, ಮಳೆಗಾಲದ ತೇವ, ಗಾಳಿಮಳೆಗೆ ಹೋಗಿಬರುವ ಕರೆಂಟು ಇವೆಲ್ಲವನ್ನೂ ತಾಳಿಕೊಂಡು ಬದುಕಿದ ಯಂತ್ರವನ್ನು ದೂರದ ರೆಡ್ಮಂಡ್‌ನ ಮೈಕ್ರೋಸಾಫ್ಟ್ ಕಚೇರಿಯಲ್ಲಿ ಕೂತವರು ಒಂದು ಪಟ್ಟಿಯ ಮೂಲಕ ಮುದಿಯಾಗಿಸಿದರು. ಪಟ್ಟಿ ಕಲ್ಲಿನ ಮೇಲೆ ಬರೆದದ್ದೂ ಆಗಿರಲಿಲ್ಲ. ಏಳನೇ ತಲೆಮಾರಿನ ಒಂದು ಪ್ರೊಸೆಸರಿಗೆ, ಕೋರ್ ಐ7-7820ಎಚ್‌ಕ್ಯೂಗೆ, 2021ರಲ್ಲೇ ವಿನಾಯಿತಿ ಸಿಕ್ಕಿತು. ಅದು ಇದ್ದದ್ದು ಮೈಕ್ರೋಸಾಫ್ಟ್ ತಾನೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2 ಎಂಬ ದುಬಾರಿ ಯಂತ್ರದಲ್ಲಿ. ಈ ಗೆರೆಯಿಂದಾಗಿ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರುಗಳು ಇ-ತ್ಯಾಜ್ಯವಾಗಬಹುದೆಂದು ಕೆನಾಲಿಸ್ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತ್ತು.

ಇಲ್ಲಿ ಬರುವ ಗಂಭೀರ ಆಕ್ಷೇಪ ಭದ್ರತೆಯದು, ಅದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಹರಡಿದಾಗ ಸಿಕ್ಕಿಬಿದ್ದದ್ದು ಹೆಚ್ಚಾಗಿ ಸಕಾಲಕ್ಕೆ ತೇಪೆ ಹಾಕಿಸಿಕೊಳ್ಳದ ವಿಂಡೋಸ್ ಯಂತ್ರಗಳು. ಗಿರಾಕಿಗಳ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನುಗಳನ್ನು ತುಂಬಿಕೊಂಡ ಅಂಗಡಿಯ ಕಂಪ್ಯೂಟರಿಗೆ ಗಟ್ಟಿ ಬೀಗ ಬೇಡವೆಂದು ಹೇಳಲಾಗದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದ ಮೇಲೂ ‘ನಮ್ಮದು ಚೆನ್ನಾಗೇ ನಡೀತಾ ಇದೆಯಲ್ಲ’ ಎನ್ನುವವರಿಗೆ ಕಾರವಾರದಲ್ಲೇ ಒಂದು ಉತ್ತರ ಇದೆ. ಕಾಳಿ ನದಿಯ ಹಳೆಯ ಸೇತುವೆಯ ಮೇಲೂ 2024ರ ಆಗಸ್ಟ್ 6ರ ರಾತ್ರಿಯವರೆಗೆ ವಾಹನಗಳು ಚೆನ್ನಾಗೇ ಓಡಾಡುತ್ತಿದ್ದವು. ಬೆಳಗಾಗುವ ಮೊದಲೇ ಅದು ಕುಸಿದು ಒಂದು ಲಾರಿ ನದಿಗೆ ಬಿದ್ದಿತ್ತು. ಆದರೆ ಆ ಮಾತನ್ನು ಪೂರ್ತಿಯಾಗಿ ಹೇಳಬೇಕು. ಪಕ್ಕದಲ್ಲಿ ಹೊಸ ಸೇತುವೆ ಇತ್ತು, ಆಮೇಲೆ ಎರಡೂ ದಿಕ್ಕಿನ ವಾಹನಗಳಿಗೆ ಅದೇ ದಾರಿಯಾಯಿತು. 2017ಕ್ಕಿಂತ ಹಿಂದಿನ ಲಾರಿಗಳಿಗೆ ಪ್ರವೇಶವಿಲ್ಲ ಎಂದು ಯಾರೂ ಅಲ್ಲಿ ಬೋರ್ಡ್ ತೂಗುಹಾಕಲಿಲ್ಲ. ಹಳೆಯ ಯಂತ್ರಕ್ಕೆ ತೇಪೆ ಹಾಕುವುದು ಅಸಾಧ್ಯ ಎಂಬುದಂತೂ ಸತ್ಯವಲ್ಲ. ದೊಡ್ಡ ಉದ್ದಿಮೆಗಳು ಹಣ ಕೊಟ್ಟರೆ ವಿಂಡೋಸ್ 10ಕ್ಕೆ ಮೂರು ವರ್ಷದವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಯಂತ್ರೋಪಕರಣಗಳಲ್ಲಿ ಬಳಸುವ ಅದರದೇ ಒಂದು ಆವೃತ್ತಿಗೆ 2032ರ ಜನವರಿಯವರೆಗೆ ಬೆಂಬಲವಿದೆ. ತೇಪೆಗಳು ಹೇಗೂ ತಯಾರಾಗುತ್ತಿರುತ್ತವೆ, ಯಾರಿಗೆ ಕೊಡಬೇಕು ಎಂಬುದಷ್ಟೇ ತೀರ್ಮಾನ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಎಂದು ಒಂದು ವರ್ಷ ಕೊಟ್ಟದ್ದಕ್ಕೂ ಷರತ್ತು: ಮೈಕ್ರೋಸಾಫ್ಟ್ ಖಾತೆಯ ಮೂಲಕ ಸೆಟ್ಟಿಂಗುಗಳನ್ನು ಅವರ ಕ್ಲೌಡಿಗೆ ಸೇರಿಸಿ, ಇಲ್ಲವೇ ಅವರ ಬಹುಮಾನದ ಅಂಕ ಸಾವಿರ ಕೂಡಿಸಿ, ಇಲ್ಲವೇ 30 ಡಾಲರ್ ಕೊಡಿ. ಯೂರೋಪಿನ ಗ್ರಾಹಕ ಸಂಘಟನೆಗಳು ಜಗಳ ತೆಗೆದ ಮೇಲೆ ಅಲ್ಲಿಯವರಿಗೆ ಈ ಷರತ್ತು ಸಡಿಲವಾಯಿತು. ಭದ್ರತೆಯೇ ಏಕೈಕ ಕಾಳಜಿಯಾಗಿದ್ದರೆ ಅದು ಖಂಡದಿಂದ ಖಂಡಕ್ಕೆ ಬದಲಾಗಬಾರದಿತ್ತು.

ಖಾತೆಯ ಪ್ರಶ್ನೆ ಇಲ್ಲಿಗೇ ಮುಗಿಯುವುದಿಲ್ಲ. ನನ್ನ ದೃಷ್ಟಿಯಲ್ಲಿ ವಿಂಡೋಸ್ 11ರ ಅತಿ ದೊಡ್ಡ ದೋಷ ಇದೇ. ಹೋಮ್ ಆವೃತ್ತಿಯನ್ನು ಹೊಸದಾಗಿ ಹಾಕುವಾಗ ಇಂಟರ್ನೆಟ್ಟೂ ಮೈಕ್ರೋಸಾಫ್ಟ್ ಖಾತೆಯೂ ಕಡ್ಡಾಯ. ಆ ಖಾತೆಯಿಂದ ಒಳಹೊಕ್ಕ ಹೊಸ ಯಂತ್ರಗಳಲ್ಲಿ, ಮುಖ್ಯವಾಗಿ 2024ರ ಆವೃತ್ತಿಯಿಂದೀಚೆಗೆ, ಡಿಸ್ಕ್ ತಾನಾಗಿ ಗೂಢಲಿಪಿಗೆ ತಿರುಗುತ್ತದೆ. ಯಂತ್ರ ಕಳ್ಳತನವಾದರೆ ಇದು ದೊಡ್ಡ ರಕ್ಷಣೆ. ಆದರೆ ಮದರ್‌ಬೋರ್ಡ್ ಕೆಟ್ಟಾಗ, ಬಯೋಸ್ ಅಪ್‌ಡೇಟ್ ಆದಾಗ ಪರದೆ ನೀಲಿಯಾಗಿ 48 ಅಂಕಿಗಳ ಕೀಲಿಯೊಂದನ್ನು ಕೇಳಬಹುದು. ಆ ಕೀಲಿ ಇರುವುದು ಖಾತೆಯಲ್ಲಿ. ಖಾತೆ ತೆರೆದುಕೊಟ್ಟವರು ಯಂತ್ರ ಮಾರಿದ ಅಂಗಡಿಯವರೋ ಅಳಿಯನೋ ಆಗಿದ್ದು, ಇಮೇಲ್ ಯಾವುದು, ಪಾಸ್‌ವರ್ಡ್ ಏನು ಎಂಬುದು ಯಾರಿಗೂ ನೆನಪಿಲ್ಲದಿದ್ದರೆ ಬೀಗ ಕಳ್ಳನನ್ನು ಬಿಟ್ಟು ಯಜಮಾನನನ್ನು ಹೊರಗಿಡುತ್ತದೆ. ನಮ್ಮ ಊರುಗಳಲ್ಲಿ ಕಂಪ್ಯೂಟರ್ ಕೆಟ್ಟರೆ ‘ಡಾಟಾ ತೆಗೆದು ಫಾರ್ಮ್ಯಾಟ್ ಹೊಡೆಯಿರಿ’ ಎಂದು ರಿಪೇರಿಯವರ ಕೈಗೆ ಕೊಟ್ಟು ಬರುವುದೇ ರೂಢಿ. ಆ ರೂಢಿ ಪರಮ ಸುರಕ್ಷಿತ ಎಂದು ವಾದಿಸುತ್ತಿಲ್ಲ. ಆದರೆ ಒಂದು ವ್ಯವಸ್ಥೆ ಅದನ್ನು ಬದಲಿಸಬೇಕೆಂದರೆ ಮೊದಲ ದಿನವೇ ಕೀಲಿಯನ್ನು ತೋರಿಸಿ ‘ಇದನ್ನು ಬರೆದಿಟ್ಟುಕೊಳ್ಳಿ’ ಎಂದು ಕನ್ನಡದಲ್ಲಿ ಹೇಳಬೇಕಿತ್ತು. ಒನ್‌ಡ್ರೈವ್ ವಿಷಯದಲ್ಲೂ ಇದೇ ಅವಸರ: ಡೆಸ್ಕ್‌ಟಾಪಿನ ಕಡತಗಳನ್ನೆಲ್ಲ ಸರಿಯಾಗಿ ಕೇಳದೆ ಕ್ಲೌಡಿಗೆ ಹತ್ತಿಸತೊಡಗುವುದು, 5 ಜಿಬಿ ತುಂಬಿದೊಡನೆ ಹಣ ಕೊಡಿ ಎನ್ನುವುದು. ಮೊಬೈಲಿನ ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುವವರಿಗೆ ಇದು ಡಾಟಾ ಕಳ್ಳತನದಂತೆ ಕಂಡರೆ ಅಚ್ಚರಿಯಿಲ್ಲ. ಜತೆಗೆ, 2024ರಿಂದ ಸ್ಟಾರ್ಟ್ ಮೆನುವಿನಲ್ಲೇ ಆ್ಯಪುಗಳ ಜಾಹೀರಾತು.

ಕನ್ನಡದ ಮಟ್ಟಿಗೆ ಮಾತ್ರ ಲೆಕ್ಕ ಬೇರೆಯಾಗುತ್ತದೆ, ಹೊಸ ಆವೃತ್ತಿಗಳ ಪರವಾಗಿಯೂ ಆಗುತ್ತದೆ. ಎಕ್ಸ್‌ಪಿಯಲ್ಲಿ ತುಂಗಾ ಅಕ್ಷರಶೈಲಿ ಬಂದಿತ್ತಾದರೂ ಒತ್ತಕ್ಷರ ಸರಿಯಾಗಿ ಕಾಣಬೇಕಾದರೆ ಎಲ್ಲೋ ಒಂದು ಮೂಲೆಯಲ್ಲಿ ಟಿಕ್ ಹಾಕಿ ಸಿಡಿ ಹುಡುಕಬೇಕಿತ್ತು. ವಿಸ್ಟಾದಿಂದ ಆ ಕಷ್ಟ ತಪ್ಪಿತು; ಎಲ್ಲರೂ ಬೈದ ವಿಸ್ಟಾ ಕನ್ನಡಕ್ಕೆ ಮಾಡಿದ ಈ ಉಪಕಾರವನ್ನು ನೆನೆಯುವವರು ಕಡಿಮೆ. 2019ರಲ್ಲಿ ವಿಂಡೋಸ್ 10ಕ್ಕೆ ಕನ್ನಡದ ಫೊನೆಟಿಕ್ ಕೀಲಿಮಣೆ ಸೇರಿತು, 11ರಲ್ಲೂ ಅದು ಇದೆ. ಆದರೆ ಸರ್ಕಾರಿ ಕಚೇರಿಯ ಬೆರಳುಗಳು ಪಳಗಿರುವುದು ಕೆ.ಪಿ. ರಾವ್ ರೂಪಿಸಿದ, ಕನ್ನಡ ಗಣಕ ಪರಿಷತ್ತಿನ (ಕಗಪ) ‘ನುಡಿ’ಯ ವಿನ್ಯಾಸಕ್ಕೆ, ಅದು ವಿಂಡೋಸಿನೊಳಗೆ ಇಲ್ಲ, ಬೇರೆ ಹಾಕಿಕೊಳ್ಳಬೇಕು. ಯುನಿಕೋಡಿಗೆ ಮುಂಚಿನ ನುಡಿ, ಶ್ರೀಲಿಪಿಗಳಲ್ಲಿ ಟೈಪು ಮಾಡಿ ಪೇಜ್‌ಮೇಕರಿನಲ್ಲಿ ಜೋಡಿಸಿದ ಕರಪತ್ರ, ಆಮಂತ್ರಣ, ಸ್ಮರಣಸಂಚಿಕೆಗಳ ರಾಶಿಯನ್ನು ಹೊತ್ತ ಡಿಟಿಪಿ ಕೇಂದ್ರಗಳು ಯಂತ್ರ ಬದಲಿಸಲು ಹೆದರುವುದು ಸೋಮಾರಿತನದಿಂದಲ್ಲ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ. ಒಮ್ಮೆ ಹೊಂದಿಸಿ ಕೂರಿಸಿದ ಹಳೆಯ ಯಂತ್ರವೇ ಅವರ ಕಡತಗಳಿಗೆ ಬಾಗಿಲು. ತುಂಗಾ ಕೂಡ ವಿಂಡೋಸ್ 10ರಿಂದೀಚೆಗೆ ಪೂರಕ ಅಕ್ಷರಶೈಲಿಗಳ ಸಾಲಿಗೆ ಸರಿದಿದೆ. ಬೇಕಾದವರು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಇಷ್ಟೆಲ್ಲಕ್ಕೆ ವಿಂಡೋಸ್ 11 ಒಂದನ್ನೇ ಹೊಣೆ ಮಾಡುವುದು ಅನ್ಯಾಯ. ಯುನಿಕೋಡಿಗೆ ತಿರುಗಲು ದಶಕಗಳ ಕಾಲ ಮೀನ-ಮೇಷ ಎಣಿಸಿದ ನಮ್ಮ ಮುದ್ರಣಲೋಕದ ಪಾಲೂ ಇದರಲ್ಲಿ ಇದೆ.

ಹಾಗಾದರೆ ಲಿನಕ್ಸ್ ಹಾಕಿಕೊಳ್ಳಿ, ಹಳೆಯ ಯಂತ್ರವೂ ಉಳಿಯಿತು, ಹಣವೂ ಉಳಿಯಿತು ಎನ್ನುವವರಿಗೆ ಏನು ಹೇಳುವುದು? ಅವರ ಮಾತು ಬರೀ ಆದರ್ಶದ್ದಲ್ಲ. ಕೇರಳದ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಪಾಠ ನಡೆಸುತ್ತಿವೆ. ಕರ್ನಾಟಕದ ಪ್ರೌಢಶಾಲಾ ಶಿಕ್ಷಕರ ತರಬೇತಿಯಲ್ಲೂ ಉಬುಂಟು ಬಳಕೆಯಾಗಿದೆ. 2023ರಲ್ಲಿ ರಕ್ಷಣಾ ಸಚಿವಾಲಯ ವಿಂಡೋಸನ್ನು ಬಿಟ್ಟು ಉಬುಂಟು ಆಧರಿಸಿದ ‘ಮಾಯಾ’ ಎಂಬ ವ್ಯವಸ್ಥೆಯತ್ತ ತಿರುಗಿದೆಯೆಂದೂ ನೌಕಾಪಡೆ ಅದಕ್ಕೆ ಒಪ್ಪಿದೆಯೆಂದೂ ವರದಿಯಾಗಿತ್ತು. ಐಎನ್‌ಎಸ್ ಕದಂಬ ನೌಕಾನೆಲೆಯ ನೆರೆಯಲ್ಲಿರುವ ಊರುಗಳಿಗೆ ಇದು ತೀರ ದೂರದ ಸುದ್ದಿಯಲ್ಲ. ಕನ್ನಡ ಅಕ್ಷರ ಲಿನಕ್ಸ್‌ನಲ್ಲಿ ಚೆನ್ನಾಗಿ ಮೂಡುತ್ತದೆ, ಕಗಪ ಕೀಲಿಮಣೆಯೂ ಅಲ್ಲಿ ಸಿಗುತ್ತದೆ. ತೊಡಕಿರುವುದು ಬೇರೆಡೆ. ಬೆರಳಚ್ಚು ಓದುವ ಸಾಧನ, ಡಿಜಿಟಲ್ ಸಹಿಯ ಟೋಕನ್, ಟ್ಯಾಲಿ, ಅಂಗಡಿಯ ಹಳೆಯ ಲೇಸರ್ ಪ್ರಿಂಟರ್ ಇವುಗಳ ತಯಾರಕರು ಮೊದಲು ಬರೆಯುವುದು ವಿಂಡೋಸಿಗೆ, ಲಿನಕ್ಸಿಗೆ ಆಮೇಲೆ ಅಥವಾ ಎಂದೂ ಇಲ್ಲ. ಹಿಂದೆ ಎಷ್ಟೋ ಸರ್ಕಾರಿ ಜಾಲತಾಣಗಳು ಇಂಟರ್ನೆಟ್ ಎಕ್ಸ್‌ಪ್ಲೋರರನ್ನೇ ಬೇಡುತ್ತಿದ್ದವು. 2022ರಲ್ಲಿ ಅದು ನಿವೃತ್ತವಾದ ಮೇಲೆ, ಅಂಥ ಪುಟಗಳಿಗೆಂದೇ ಎಜ್ ಬ್ರೌಸರಿನೊಳಗೆ ಅದರ ಒಂದು ನೆರಳನ್ನು 2029ರವರೆಗಾದರೂ ಉಳಿಸುತ್ತೇವೆಂದು ಮೈಕ್ರೋಸಾಫ್ಟ್ ಹೇಳಬೇಕಾಯಿತು. ಹಳ್ಳಿಗಳಲ್ಲಿ ಸರ್ಕಾರಿ ಸೇವೆ ಒದಗಿಸುವ ಗ್ರಾಮ ಒನ್ ಕೇಂದ್ರಗಳನ್ನು ನಡೆಸುವವರು ಖಾಸಗಿ ಫ್ರಾಂಚೈಸಿಗಳು. ಕಂಪ್ಯೂಟರಿಗೆ ಹೂಡಿದ ದುಡ್ಡು ಅವರದು, ಅದರಲ್ಲಿ ಯಾವ ವ್ಯವಸ್ಥೆ ಇರಬೇಕೆಂದು ನಿರ್ಧರಿಸುವುದು ಮಾತ್ರ ಸೇವೆಯ ಪೋರ್ಟಲ್ ಮತ್ತು ಬೆರಳಚ್ಚು ಸಾಧನದ ಡ್ರೈವರ್. ವಿಂಡೋಸ್ 11ರ ಅರ್ಹತೆಯ ಪಟ್ಟಿಯನ್ನು ತಿದ್ದಿಸುವ ಶಕ್ತಿ ಅಂಕೋಲಾಕ್ಕಿಲ್ಲ, ಬೆಂಗಳೂರಿಗೂ ಇಲ್ಲ. ಆದರೆ ಸರ್ಕಾರಿ ಸೇವೆಗೆ ಮಾನ್ಯತೆ ಪಡೆಯುವ ಪ್ರತಿ ಸಾಧನಕ್ಕೂ ಲಿನಕ್ಸ್ ಡ್ರೈವರ್ ಇರಲೇಬೇಕು, ಪ್ರತಿ ಪೋರ್ಟಲ್ಲೂ ಯಾವ ಬ್ರೌಸರಿನಲ್ಲಾದರೂ ತೆರೆಯಬೇಕು ಎಂದು ಟೆಂಡರಿನಲ್ಲಿ ಎರಡು ಸಾಲು ಸೇರಿಸುವ ಅಧಿಕಾರ ಬೆಂಗಳೂರಿಗೆ ಇದೆ, ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.